ಸ್ಕೋಪ್ ಅಂದ್ರೆ ದುರ್ಬೀನಲ್ಲ ಸ್ವಾಮಿ, ತಕ್ಕಡಿ!

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಬರೆಯೋಕೆ ಕೂತ್ರೆ ನಿದ್ದೆ, ಮಲಗೋಕೆ ಹೋದ್ರೆ ಬರೆಯೋ ವಿಷಯ ಹೊಳೆಯೋದು. ಹೀಗೇ ಆರು ತಿಂಗಳು ಕಳೆದುಹೋಯ್ತು. ಇವತ್ತು ಮಾತ್ರ ಕೋಪ ಬಂದಿದೆ. ಕೋಪದಲ್ಲಿ ಬರೆದದ್ದು ಓದೋಕೆ ಚೆನ್ನಾಗಿರತ್ತೆ ಅಂತ ನಿಮ್ಮಲ್ಲೇ ಯಾರೋ ಹೇಳಿದ ನೆನಪು. ಅದೇ ಧೈರ್ಯದ ಮೇಲೆ ಶುರು ಮಾಡ್ತಿದ್ದೀನಿ.

ಆಗಿದ್ದು ಇಷ್ಟು. ನಾನಿರೋ ಒಹಾಯೋದಲ್ಲಿ ನಮ್ಮ ಕನ್ನಡ ಕೂಟದ ಯುಗಾದಿ ಊಟ. ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ತಾ ಇದ್ದೆ. ಹಾಸನದ ಕಡೆಯ ಹುಡುಗನೊಬ್ಬ ಬಂದು ಪಕ್ಕ ಕೂತ. ಹೋದ ವರ್ಷದಿಂದ ನಮ್ಮ ಶೂಟಿಂಗ್ ಕ್ಲಬ್ಬಿಗೂ ಬರ್ತಿದ್ದಾನೆ, ಒಳ್ಳೆ ಹುಡುಗ, ಕೈ ಸ್ಥಿರ ಇದೆ. "ಅಣ್ಣಾ, ಸ್ಕೋಪ್ ತಗೊಳ್ತಾ ಇದೀನಿ, ನೋಡಿ" ಅಂತ ಫೋನು ಮುಂದೆ ಹಿಡಿದ. ನೋಡಿದ್ರೆ ಅರವತ್ತು ಪಟ್ಟು ಜೂಮ್ ಇರೋ ಸ್ಕೋಪು. ಬೆಲೆ ಅವನ ಎರಡು ತಿಂಗಳ ಬಾಡಿಗೆ. ಅದೂ ಕ್ರೆಡಿಟ್ ಕಾರ್ಡಿನಲ್ಲಿ.

"ಯಾಕೋ ಇದೇ?" ಅಂದೆ.

"ಅರವತ್ತು ಎಕ್ಸ್ ಅಣ್ಣಾ! ಸಾವಿರ ಗಜದಲ್ಲಿ ಗುಂಡು ಬಿದ್ದ ತೂತು ಕಾಣತ್ತಂತೆ."

ಅಷ್ಟರಲ್ಲಿ ಸುತ್ತ ನಾಲ್ಕು ಜನ ಸೇರಿದ್ರು. ಕೋವಿಯನ್ನು ಜನ್ಮದಲ್ಲಿ ಮುಟ್ಟದವರು. "ಇರುವೆ ಕಾಣುತ್ತಾ?" ಅಂತ ಒಬ್ಬರು, "ಚಂದ್ರನ ಮೇಲಿನ ಗುಂಡಿ ಕಾಣಬಹುದೇನೋ" ಅಂತ ಇನ್ನೊಬ್ಬರು. ನನಗೆ ಅದೆಲ್ಲಿತ್ತೋ ಸಿಟ್ಟು, ಒಬ್ಬಟ್ಟಿನ ತಟ್ಟೆ ಕೆಳಗಿಟ್ಟು ಭಾಷಣ ಶುರು ಮಾಡಿದೆ. ಹೆಂಡತಿ ದೂರದಿಂದಲೇ ಕಣ್ಣು ಬಿಟ್ಟಳು. ಮುಗಿಸೋಕೆ ಆಗಲಿಲ್ಲ. ಅಲ್ಲಿ ನಿಂತುಹೋದ ಭಾಷಣದ ಉಳಿದ ಭಾಗವೇ ಈ ಬರಹ.

ಮೊದಲು ಒಂದು ಮಾತು. "ಅಮೆರಿಕಾದಲ್ಲಿ ಕೂತು ಬಂದೂಕಿನ ಪುರಾಣ ಯಾಕಯ್ಯಾ?" ಅಂತ ಕೇಳೋರು ಇರ್ತೀರಿ. ನ್ಯಾಯವಾದ ಪ್ರಶ್ನೆ. ಈ ದೇಶದಲ್ಲಿ ಬಂದೂಕು ಏನೇನು ಮಾಡಿದೆ ಅಂತ ನಾನೂ ಪೇಪರ್ ಓದ್ತೀನಿ, ನನ್ನ ಮಕ್ಕಳೂ ಇಲ್ಲಿನ ಶಾಲೆಗೇ ಹೋಗೋದು. ನಾನು ಹೇಳ್ತಾ ಇರೋದು ಕಾಗದದ ಗುರಿ ಮತ್ತು ಗಾಳಿಯ ಆಟದ ಬಗ್ಗೆ. ಬೋರಲು ಮಲಗಿ ಇಪ್ಪತ್ತು ಈಡು ಹೊಡೆಯೋದು, ಎದ್ದು ಬಂದು ಗುರಿಗುಂಡಿಯಲ್ಲಿ ನಿಂತು ಬೇರೆಯವರ ಅಂಕ ಗುರುತು ಮಾಡೋದು. ಅಷ್ಟೇ. ಮಲೆನಾಡಿನವನಾದ ನನಗೆ ಕೋವಿ ಹೊಸದೂ ಅಲ್ಲ. ಅಜ್ಜನ ಮನೆಯಲ್ಲಿ ಮಂಗ, ಹಂದಿ ಬೆದರಿಸೋಕೆ ಒಂದು ಕೇಪಿನ ಕೋವಿ ಗೋಡೆಗೆ ನೇತಾಡ್ತಿತ್ತು. ಚುನಾವಣೆ ಬಂದಾಗೆಲ್ಲ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬರೋ ಕೆಲಸವೇ ಅಜ್ಜನಿಗೆ ದೊಡ್ಡದು.

ಸರಿ, ವಿಷಯಕ್ಕೆ ಬರೋಣ.

ನಾವು ಆಡೋ ಆಟಕ್ಕೆ ಎಫ್-ಕ್ಲಾಸ್ ಅಂತಾರೆ. ಕೆನಡಾದ ಜಾರ್ಜ್ ಫರ್ಕುಹಾರ್ಸನ್ ಅನ್ನೋರಿಂದ ಶುರುವಾದದ್ದು, ಅವರ ಹೆಸರಿನ ಮೊದಲ ಅಕ್ಷರವೇ 'ಎಫ್'. ವಯಸ್ಸಾಗಿ ಕಣ್ಣು ಮಂಜಾದವರು, ಮೊಣಕೈ ಕೈಕೊಟ್ಟವರು ಆಟ ಬಿಟ್ಟು ಮನೆ ಸೇರಬಾರದು ಅಂತ ಸ್ಕೋಪಿಗೂ ಮುಂದಿನ ಊರುಗಾಲಿಗೂ ಒಪ್ಪಿಗೆ ಕೊಟ್ಟ ವಿಭಾಗ ಇದು. ಅಂದ್ರೆ ನಮ್ಮ ಆಟಕ್ಕೆ ಸ್ಕೋಪು ಬಂದಿದ್ದೇ ಮುದಿಗಣ್ಣಿಗೆ ಕನ್ನಡಕದ ಹಾಗೆ. ಇರುವೆ ಎಣಿಸೋಕಲ್ಲ.

ಆರುನೂರು ಗಜದಲ್ಲಿ ನಮ್ಮ ಹತ್ತು ಅಂಕದ ವೃತ್ತ 6 ಇಂಚು ಅಡ್ಡಗಲ. ಸಾವಿರ ಗಜದಲ್ಲಿ 10 ಇಂಚು. ಒಳಗಿನ ಎಕ್ಸ್ ವೃತ್ತ ಅದರ ಅರ್ಧ. ಇದನ್ನೆಲ್ಲ ಅಳೆಯೋದು ಎಂಒಎ ಅನ್ನೋ ಕೋನದ ಲೆಕ್ಕದಲ್ಲಿ. ಒಂದು ಡಿಗ್ರಿಯನ್ನು 60 ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು ಒಂದು ಎಂಒಎ. ನೂರು ಗಜದಲ್ಲಿ ಅದು 1.047 ಇಂಚು, ಸಾವಿರ ಗಜದಲ್ಲಿ ಹತ್ತೂವರೆ ಇಂಚು ಅಂತಿಟ್ಟುಕೊಳ್ಳಿ. ಇಷ್ಟು ಗೊತ್ತಿದ್ರೆ ಮುಂದಿನ ಜಗಳಕ್ಕೆ ಸಾಕು.

ನಾನು ಹೊಡೆಯೋ .308 ಗುಂಡು ಸಾವಿರ ಗಜ ತಲುಪೋ ಹೊತ್ತಿಗೆ ಎಷ್ಟು ಕೆಳಗೆ ಬಿದ್ದಿರತ್ತೆ ಅಂದ್ರೆ, ನೂರು ಗಜಕ್ಕೆ ಹೊಂದಿಸಿದ ಸ್ಕೋಪನ್ನು ಸುಮಾರು 38 ಎಂಒಎ ಮೇಲಕ್ಕೆ ತಿರುಗಿಸಬೇಕು. ಆರುನೂರಕ್ಕೆ ಸುಮಾರು 15. ಗಂಟೆಗೆ ಹತ್ತು ಮೈಲಿ ಅಡ್ಡಗಾಳಿ ಬೀಸ್ತಿದ್ರೆ ಸಾವಿರ ಗಜದಲ್ಲಿ ಗುಂಡು ಎಂಟಡಿ ಆಚೀಚೆ ಹೋಗತ್ತೆ. ಎಂಟು ಇಂಚಲ್ಲ, ಎಂಟು ಅಡಿ! ಈಗ ಹೇಳಿ, ಸ್ಕೋಪಿನ ಕೆಲಸ ಏನು? ತೋರಿಸೋದಾ? ಅಳೆಯೋದಾ?

ತಲೆಮೇಲಿನ ಗುಂಡಿ ತಿರುಗಿಸಿದಾಗ 'ಟಿಕ್ ಟಿಕ್' ಅನ್ನತ್ತಲ್ಲ, ಒಂದೊಂದು ಟಿಕ್ಕೂ ಕಾಲು ಎಂಒಎ. ಹದಿನೈದು ಬೇಕಂದ್ರೆ ಅರವತ್ತು ಟಿಕ್. ಒಳಗಿರೋ ಒಂದು ಸಣ್ಣ ಕೊಳವೆಯನ್ನು ಒಂದು ಕಡೆಯಿಂದ ಸ್ಕ್ರೂ ತಳ್ಳತ್ತೆ, ಇನ್ನೊಂದು ಕಡೆಯಿಂದ ಸ್ಪ್ರಿಂಗು ಒತ್ತತ್ತೆ. ಅಷ್ಟೇ ಯಂತ್ರ. ಅರವತ್ತು ಟಿಕ್ ಮೇಲೆ ಹೋದ್ರೆ ಅರವತ್ತು ಟಿಕ್ಕಿನಷ್ಟೇ ಹೋಗಬೇಕು, ಅರವತ್ತು ಕೆಳಗೆ ಬಂದ್ರೆ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಪ್ರತಿ ಗುಂಡಿನ ಒದೆತಕ್ಕೂ ಅಲ್ಲಾಡದೆ ನಿಲ್ಲಬೇಕು. ಇದು ದುರ್ಬೀನಿನ ಕೆಲಸ ಅಲ್ಲ ಸ್ವಾಮಿ, ತಕ್ಕಡಿಯ ಕೆಲಸ. ನಮ್ಮೂರ ಅಡಿಕೆ ಮಂಡಿಯಲ್ಲಿ ತಕ್ಕಡಿ ಎಷ್ಟು ಫಳಫಳ ಹೊಳೆಯತ್ತೆ ಅಂತ ಯಾರಾದ್ರೂ ನೋಡ್ತಾರಾ? ಒಂದೇ ಮೂಟೆಯನ್ನು ಎರಡು ಸಲ ಇಟ್ರೆ ಒಂದೇ ತೂಕ ತೋರಿಸತ್ತಾ ಅಂತ ನೋಡ್ತಾರೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೀನಿ.

2015ರಲ್ಲಿ ನನ್ನ ಮೊದಲ ಸ್ಕೋಪು ಕೊಂಡೆ. ಯಾವ ಕಂಪನಿ ಅಂತ ಕೇಳಬೇಡಿ, ಹೇಳಲ್ಲ. ನಾನೂರು ಡಾಲರು, ಎಂಟರಿಂದ ಮೂವತ್ತೆರಡರವರೆಗೆ ಜೂಮ್. ಅಂಗಡಿಯಲ್ಲೇ ಕಿಟಕಿಯಿಂದ ಆಚೆ ರಸ್ತೆಯ ಬೋರ್ಡು ನೋಡಿ ಮರುಳಾದೆ. ಅದೇ ದುಡ್ಡಿಗೆ ಪಕ್ಕದಲ್ಲಿ ಬರೀ ಹತ್ತು ಪಟ್ಟಿನ, ಜೂಮೇ ಇಲ್ಲದ ಒಂದು ಕಪ್ಪು ಕೊಳವೆ ಇತ್ತು. ನೋಡಿ ನಕ್ಕು ಬಿಟ್ಟುಬಂದಿದ್ದೆ. ಮೂವತ್ತೆರಡು ಎಲ್ಲಿ, ಹತ್ತು ಎಲ್ಲಿ!

ಆ ವರ್ಷ ಪೂರ್ತಿ ನನ್ನ ಗುಂಡುಗಳು ಎಲ್ಲೆಲ್ಲೋ ಹೋದವು. ನೂರು ಗಜದಲ್ಲಿ ಚೆನ್ನಾಗಿ ಗುಂಪು ಬೀಳೋದು. ಸ್ಕೋಪು ತಿರುಗಿಸಿ ಆರುನೂರಕ್ಕೆ ಹೋದ್ರೆ ಒಂದು ದಿನ ಮೇಲೆ, ಒಂದು ದಿನ ಎಡಕ್ಕೆ. ಮೊದಲು ಮದ್ದಿನ ಮೇಲೆ ಅನುಮಾನ, ಬದಲಾಯಿಸಿದೆ. ಆಮೇಲೆ ಗುಂಡಿನ ತೂಕದ ಮೇಲೆ, ಅದನ್ನೂ ಬದಲಾಯಿಸಿದೆ. ಆಮೇಲೆ ನಳಿಕೆಯ ಮೇಲೆ. ಚೆನ್ನಾಗಿದ್ದ ನಳಿಕೆ ತೆಗೆಸಿ ಹೊಸದು ಹಾಕಿಸಿದೆ, ಅದಕ್ಕೆ ಸ್ಕೋಪಿಗಿಂತ ಜಾಸ್ತಿ ಖರ್ಚು. ಬೆಳಗಿನ ಕಾಫಿ ಬಿಟ್ಟೆ, ಕೈ ನಡುಗತ್ತೇನೋ ಅಂತ. (ಮಲೆನಾಡಿನವನು ಕಾಫಿ ಬಿಟ್ಟ ಅಂದ್ರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ನೋಡಿ.) ಕೊನೆಗೆ ಉಳಿದಿದ್ದು ಒಬ್ಬನೇ ಆರೋಪಿ. ನಾನು. ನನಗೆ ಇದು ಬರಲ್ಲ, ನನ್ನ ಕಣ್ಣು ಸರಿ ಇಲ್ಲ, ನನ್ನ ಕೈ ಸರಿ ಇಲ್ಲ ಅಂತ ತೀರ್ಮಾನ ಮಾಡಿ ರೈಫಲ್ ಮಾರೋಕೂ ಹೊರಟಿದ್ದೆ.

ನಮ್ಮ ಕ್ಲಬ್ಬಿನಲ್ಲಿ ಒಬ್ಬ ಹಿರಿಯರಿದ್ದಾರೆ. ಮೂವತ್ತು ವರ್ಷ ಮನೆಮನೆಗೆ ಟಪಾಲು ಹಂಚಿ ನಿವೃತ್ತರಾದವರು, ಹಾಗಾಗಿ ನಾನು ಮನಸ್ಸಿನಲ್ಲೇ ಅವರಿಗಿಟ್ಟ ಹೆಸರು ಅಂಚೆಯಣ್ಣ. ಮಾತು ಕಮ್ಮಿ. ರೈಫಲ್ ಮಾರ್ತೀನಿ ಅಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಸ್ಕೋಪನ್ನು ಯಾವತ್ತಾದ್ರೂ ಅಳೆದಿದ್ದೀಯಾ?"

ಅಳೆಯೋದಾ? ಸ್ಕೋಪನ್ನಾ?

ಮರುದಿನ ಬೆಳಗ್ಗೆ ನೂರು ಗಜದ ಲೈನಿಗೆ ಕರೆದರು. ಮೂರೂವರೆ ಅಡಿ ಉದ್ದದ ಕಾಗದ, ಗಾರೆ ಕೆಲಸದವರ ತೂಗುಗುಂಡು, ಒಂದು ಅಳತೆ ಟೇಪು. ಇಷ್ಟೇ ಸಾಮಾನು. ತೂಗುಗುಂಡು ಇಳಿಬಿಟ್ಟು ಕಾಗದದ ಮೇಲೆ ನೆಟ್ಟಗೆ ಒಂದು ಗೆರೆ ಎಳೆದರು, ಕೆಳಗೊಂದು ಚುಕ್ಕಿ. ಟೇಪು ಹಿಡಿದು ಗುರಿಗೂ ರೈಫಲಿಗೂ ನಡುವೆ ನೂರು ಗಜ ಇದೆಯಾ ಅಂತ ಅಳೆಸಿದರು. ಚುಕ್ಕಿಗೆ ಗುರಿಯಿಟ್ಟು ಐದು ಈಡು. ಮೂವತ್ತು ಎಂಒಎ ಮೇಲಕ್ಕೆ ತಿರುಗಿಸಿ, ಅದೇ ಚುಕ್ಕಿಗೆ ಗುರಿಯಿಟ್ಟು ಮತ್ತೆ ಐದು. ವಾಪಸ್ ಕೆಳಕ್ಕೆ ತಿರುಗಿಸಿ ಇನ್ನೈದು.

ಲೆಕ್ಕದ ಪ್ರಕಾರ ಎರಡನೇ ಗುಂಪು 31.4 ಇಂಚು ಮೇಲಿರಬೇಕು. ಟೇಪು ಹಿಡಿದರೆ 29.5. ನೂರಕ್ಕೆ ಆರರಷ್ಟು ಕಮ್ಮಿ! ಇದು ಸಾವಿರ ಗಜಕ್ಕೆ ಹೋದ್ರೆ ಎರಡಡಿ ತಪ್ಪು. ಇದಾದ್ರೂ ಪರವಾಗಿಲ್ಲ, ತಪ್ಪು ಯಾವಾಗಲೂ ಅಷ್ಟೇ ಇದ್ರೆ ಲೆಕ್ಕ ಹಾಕಿ ಸರಿ ಮಾಡ್ಕೋಬಹುದು. ಆದ್ರೆ ವಾಪಸ್ ಬಂದ ಮೂರನೇ ಗುಂಪು ಮೊದಲಿನದರ ಮೇಲೆ ಕೂತಿರಲಿಲ್ಲ. ಅರ್ಧ ಇಂಚು ಬಲಕ್ಕೆ. ಮತ್ತೊಮ್ಮೆ ಮಾಡಿದರೆ ಅರ್ಧ ಇಂಚು ಕೆಳಕ್ಕೆ. ನೂರು ಗಜದ ಅರ್ಧ ಇಂಚು ಅಂದ್ರೆ ಆರುನೂರರಲ್ಲಿ ಮೂರು ಇಂಚು. ಅಂದ್ರೆ ನಡುಮಧ್ಯಕ್ಕೆ ಹೊಡೆದ ಗುಂಡು ಹತ್ತರ ವೃತ್ತದ ಅಂಚಿಗೆ ಹೋಯ್ತು. ಇನ್ನು ಮೇಲಿಂದ ಗಾಳಿ ಬೇರೆ.

ಅಂಚೆಯಣ್ಣ ಟೇಪು ಸುತ್ತುತ್ತಾ ಬೆರಳಿಟ್ಟು ತೋರಿಸಿದರು. "ಗುಂಪು ನೋಡು. ಪ್ರತಿ ಗುಂಪೂ ಇಂಚಿನೊಳಗೇ ಇದೆ. ನೀನು ಸರಿಯಾಗೇ ಹೊಡೀತಿದ್ದೀಯ ಮಗಾ. ವರ್ಷ ಪೂರ್ತಿ ಸರಿಯಾಗೇ ಹೊಡೆದಿದ್ದೀಯ."

ಸುಳ್ಳು ಹೇಳಲ್ಲ, ಗಂಟಲು ಕಟ್ಟಿಬಂತು. ಕೆಟ್ಟ ಸ್ಕೋಪು ಕದಿಯೋದು ನಾನೂರು ಡಾಲರು ಅಲ್ಲ. ನಿಮ್ಮ ಕೈ ಮೇಲೆ ನಿಮಗಿರೋ ನಂಬಿಕೆಯನ್ನ ಕದಿಯತ್ತೆ. ನನ್ನ ಕೋಪ ಇರೋದು ಅದಕ್ಕೆ.

ಅವತ್ತು ಅವರ ಹಳೇ ಸ್ಕೋಪೊಂದನ್ನು ಸಾಲ ಕೊಟ್ಟರು. ಇಪ್ಪತ್ತು ಪಟ್ಟು, ಜೂಮ್ ಇಲ್ಲ, ಬಣ್ಣ ಹೋಗಿದೆ. ಅದರಲ್ಲಿ ಆ ತಿಂಗಳ ಮ್ಯಾಚಿನ ಒಂದು ಸುತ್ತಿನಲ್ಲಿ 200ಕ್ಕೆ 191 ಬಂತು. ಅಲ್ಲಿವರೆಗೆ ನನ್ನ ಅತಿ ಹೆಚ್ಚು 176. ಅದೇ ರೈಫಲ್, ಅದೇ ಕಣ್ಣು, ಅದೇ ಕೈ. ಕಾಫಿ ಕೂಡ ಕುಡಿದಿದ್ದೆ! ನನ್ನ ಸ್ಕೋಪನ್ನು ಕಂಪನಿಗೆ ಕಳಿಸಿದ್ರೆ, ಪರೀಕ್ಷೆ ಮಾಡಿದ್ವಿ, ಏನೂ ದೋಷ ಇಲ್ಲ ಅಂತ ಚೀಟಿಯ ಜೊತೆ ವಾಪಸ್ ಬಂತು. ಈಗ ಗ್ಯಾರೇಜಿನಲ್ಲಿದೆ. ಮಗಳು ಅದರಲ್ಲಿ ಅಳಿಲು ನೋಡ್ತಾಳೆ. ಅಳಿಲು ತುಂಬಾ ಚೆನ್ನಾಗಿ ಕಾಣತ್ತೆ, ಅದನ್ನು ಒಪ್ಪಿಕೊಳ್ಳಲೇಬೇಕು.

ಈಗ ಜೂಮ್ ಭಕ್ತರ ವಾದಗಳನ್ನ ಒಂದೊಂದಾಗಿ ನೋಡೋಣ.

"ಜಾಸ್ತಿ ದೊಡ್ಡದಾಗಿ ಕಂಡ್ರೆ ಒಳ್ಳೇದಲ್ವಾ?" ಕಾಣೋದು ಬರೀ ಗುರಿ ಅಲ್ಲ ಮಾರಾಯ್ರೆ. ಬೇಸಿಗೆ ಹತ್ತು ಗಂಟೆ ಆದ್ಮೇಲೆ ನೆಲದಿಂದ ಬಿಸಿಗಾಳಿ ಏಳತ್ತೆ, ಬಿಸಿಲುಗುದುರೆ. ಮೂವತ್ತೆರಡು ಪಟ್ಟಿನಲ್ಲಿ ಗುರಿ ಎಷ್ಟು ದೊಡ್ಡದಾಗತ್ತೋ ಆ ಕುದುರೆಯೂ ಅಷ್ಟೇ ದೊಡ್ಡದಾಗತ್ತೆ. ಕಪ್ಪು ವೃತ್ತ ಹೊಳೆಯ ತಳದಲ್ಲಿರೋ ಕಲ್ಲಿನ ಹಾಗೆ ಕುಣಿಯತ್ತೆ. ಜೊತೆಗೆ ಬೆಳಕು. ಮುಂದಿನ ಗಾಜಿನ ಅಳತೆಯನ್ನ ಜೂಮಿನಿಂದ ಭಾಗಿಸಿದರೆ ಕಣ್ಣಿಗೆ ಬರೋ ಬೆಳಕಿನ ಕಂಬಿಯ ದಪ್ಪ. ಐವತ್ತು ಮಿಲಿಮೀಟರ್ ಗಾಜು, ಹತ್ತು ಪಟ್ಟು ಅಂದ್ರೆ ಐದು ಮಿಲಿಮೀಟರ್, ಹಾಯಾಗಿ ಕಾಣತ್ತೆ. ಐವತ್ತು ಪಟ್ಟು ಅಂದ್ರೆ ಒಂದೇ ಮಿಲಿಮೀಟರ್! ಚಿತ್ರ ಮಂಕು, ತಲೆ ಒಂಚೂರು ಅಲ್ಲಾಡಿದ್ರೆ ಕತ್ತಲೆ.

"ಸಾವಿರ ಗಜದಲ್ಲಿ ತೂತು ಕಾಣತ್ತಂತೆ!" ಇದು ಶುದ್ಧ ಬೊಗಳೆ. ಶಾಲೆಯ ಭೌತಶಾಸ್ತ್ರ ಸಾಕು. .308 ಗುಂಡಿನ ತೂತು ಸಾವಿರ ಗಜದಿಂದ ನೋಡಿದರೆ ಎರಡು ಆರ್ಕ್ ಸೆಕೆಂಡಿಗಿಂತಲೂ ಕಮ್ಮಿ. 56 ಮಿಲಿಮೀಟರಿನ ಗಾಜು ಬಿಡಿಸಿ ತೋರಿಸಬಲ್ಲ ಮಿತಿ ಹೆಚ್ಚುಕಮ್ಮಿ ಎರಡು ಆರ್ಕ್ ಸೆಕೆಂಡು, ಅದೂ ಗಾಳಿ ಅಲ್ಲಾಡದೆ ನಿಂತಿದ್ರೆ. ಗಾಜಿನ ಅಗಲವೇ ಒಪ್ಪದ ಮೇಲೆ ಜೂಮ್ ಅರವತ್ತಾದ್ರೇನು, ಆರುನೂರಾದ್ರೇನು? ಮಸುಕನ್ನೇ ದೊಡ್ಡದು ಮಾಡಿ ತೋರಿಸತ್ತೆ. ಇಷ್ಟಕ್ಕೂ ನಮ್ಮ ಆಟದಲ್ಲಿ ತೂತು ಕಾಣೋ ಅಗತ್ಯವೇ ಇಲ್ಲ! ಪ್ರತಿ ಈಡಿಗೂ ಗುರಿಗುಂಡಿಯಲ್ಲಿರೋರು ಗುರಿಯನ್ನು ಕೆಳಗಿಳಿಸಿ, ತೂತಿಗೆ ದೊಡ್ಡ ಬಿಲ್ಲೆ ಸಿಕ್ಕಿಸಿ, ಅಂಕದ ಗುರುತು ಹಾಕಿ ಮೇಲೆತ್ತುತ್ತಾರೆ. ಹದಿನೈದು ಪಟ್ಟಿನಲ್ಲೂ ಆ ಬಿಲ್ಲೆ ಲಕ್ಷಣವಾಗಿ ಕಾಣತ್ತೆ.

"ಚಾಂಪಿಯನ್ನುಗಳು ಐವತ್ತು ಪಟ್ಟಿನದ್ದೇ ಇಟ್ಕೊಂಡಿರ್ತಾರಲ್ಲ?" ನಿಜ, ಇಟ್ಕೊಂಡಿರ್ತಾರೆ. ಇಲ್ಲಿ ನಾನು ಪ್ರಾಮಾಣಿಕವಾಗಿರಬೇಕು. ನೈಟ್‌ಫೋರ್ಸ್‌ನವರ ಹದಿನೈದರಿಂದ ಐವತ್ತೈದರ ಸ್ಕೋಪು, ಮಾರ್ಚ್‌ನವರ ಹತ್ತರಿಂದ ಅರವತ್ತರದ್ದು, ಇವನ್ನ ಎಫ್-ಕ್ಲಾಸ್ ಸಾಲಿನಲ್ಲಿ ಬೇಕಾದಷ್ಟು ನೋಡಬಹುದು. ಬೆಳಗಿನ ತಂಪಿನಲ್ಲಿ ಒಳ್ಳೆ ಗಾಜಿದ್ರೆ ನಲವತ್ತು ಪಟ್ಟಿನಿಂದ ಲಾಭವೂ ಇದೆ, ಅರ್ಧ ಎಂಒಎಯ ಎಕ್ಸ್ ವೃತ್ತದ ಯಾವ ಮೂಲೆಗೆ ಗುರಿ ಇಡ್ತಿದ್ದೀನಿ ಅಂತ ಬಿಡಿಸಿ ನೋಡಬಹುದು. ಆದ್ರೆ ಅವರ ಪಕ್ಕ ಮಲಗಿ ನೋಡಿ. ಬಿಸಿಲೇರಿದ ಕೂಡಲೇ ಕೈ ತಾನಾಗೇ ಜೂಮ್ ಇಳಿಸತ್ತೆ. ಅವರು ಆ ಸ್ಕೋಪಿಗೆ ಕೊಟ್ಟ ದುಡ್ಡು ಐವತ್ತೈದು ಅನ್ನೋ ಸಂಖ್ಯೆಗಲ್ಲ, ಎಂಟನೇ ಒಂದು ಎಂಒಎಯ ಟಿಕ್ಕು ವರ್ಷಗಟ್ಟಲೆ ಎಂಟನೇ ಒಂದಾಗಿಯೇ ಉಳಿಯೋದಕ್ಕೆ. ಸಚಿನ್ ಭಾರದ ಬ್ಯಾಟು ಹಿಡೀತಿದ್ದ ಅಂತ ನಾವೂ ಭಾರದ ಬ್ಯಾಟು ಕೊಂಡ್ರೆ ಸೊಂಟ ಹಿಡ್ಕೊಳ್ಳತ್ತೆ, ಅಷ್ಟೇ.

"ಸ್ಕೋಪ್ ಇಲ್ಲದೆ ದೂರ ಹೊಡೆಯೋಕೆ ಆಗತ್ತಾ?" ಆಗತ್ತೆ! 1876ರಿಂದ ಪಾಲ್ಮಾ ಅನ್ನೋ ಸ್ಪರ್ಧೆ ನಡೀತಾ ಇದೆ. 800, 900, 1000 ಗಜ. ಸ್ಕೋಪು ಇಲ್ಲ, ಹಿಂದೊಂದು ಸಣ್ಣ ತೂತು, ಮುಂದೊಂದು ಉಂಗುರ, ನಡುವೆ ನಿಮ್ಮ ಕಣ್ಣು. ಅವರ ಹತ್ತರ ವೃತ್ತ ನಮ್ಮದರ ಎರಡರಷ್ಟು ದೊಡ್ಡದು, ಒಪ್ಪಿದೆ. ಆದ್ರೂ ಒಂದಕ್ಕೆ ಒಂದೇ ಪಟ್ಟಿನಲ್ಲಿ ಸಾವಿರ ಗಜದ 20 ಇಂಚಿನ ವೃತ್ತಕ್ಕೆ ಈಡಿನ ಮೇಲೆ ಈಡು ಹಾಕ್ತಾರೆ. ನಮ್ಮ ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು, 2024ರಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ ಕಂಚು ಗೆದ್ದಿದ್ದು, ಎರಡೂ ಸ್ಕೋಪ್ ಇಲ್ಲದೆ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪು ನಿಷಿದ್ಧ. ಅವರದ್ದು ಹತ್ತು ಮೀಟರು, ಐವತ್ತು ಮೀಟರು, ಬೇರೆ ಆಟ, ಹೋಲಿಕೆ ಪೂರ್ತಿ ಸರಿಯಲ್ಲ. ಆದ್ರೆ ಗುರಿ ಅನ್ನೋದು ಗಾಜಿನಲ್ಲಿ ಹುಟ್ಟೋದಲ್ಲ ಅನ್ನೋದಕ್ಕೆ ಇಷ್ಟು ಸಾಕಲ್ವಾ?

ಇನ್ನೊಂದು ಸಂಕಟ ಯಾರೂ ಹೇಳಲ್ಲ. ಜೂಮ್ ಏರಿದಷ್ಟೂ ನೋಟದ ಅಗಲ ಕಿರಿದಾಗತ್ತೆ. ಗುರಿಗಳೆಲ್ಲ ಒಂದೇ ತರ, ಸಾಲಾಗಿ ನಿಂತಿರ್ತವೆ, ಗೊತ್ತಾಗೋದು ಪಕ್ಕದ ನಂಬರ್ ಬೋರ್ಡಿನಿಂದ. 2015ರ ಸೆಪ್ಟೆಂಬರಿನ ಮ್ಯಾಚಿನಲ್ಲಿ ಮೂವತ್ತೆರಡಕ್ಕೆ ತಿರುಗಿಸಿ ಮಲಗಿದ್ದೆ. ಬೆವರು ಒರೆಸಿಕೊಂಡೆ, ರೈಫಲ್ ಚೂರು ಸರಿದಿತ್ತು, ಗೊತ್ತಾಗಲಿಲ್ಲ. ಮತ್ತೆ ಕಣ್ಣಿಟ್ಟೆ, ಗುರಿ ಕಾಣ್ತು, ಒತ್ತಿದೆ. ಆ ವರ್ಷದ ನನ್ನ ಅತ್ಯುತ್ತಮ ಈಡು, ಶುದ್ಧ ಎಕ್ಸ್. ಪಕ್ಕದವನ ಗುರಿಯಲ್ಲಿ! ನನ್ನ ಲೆಕ್ಕದಲ್ಲಿ ಸೊನ್ನೆ. ಸ್ಕೋಪ್ ಇಲ್ಲದೆಯೂ ಇದಾಗತ್ತೆ, ಅದೂ ಇತಿಹಾಸದಲ್ಲೇ ಇದೆ. 1874ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರಿನಲ್ಲಿ ಐರ್ಲೆಂಡ್ ತಂಡ ಅಮೆರಿಕಾದವರ ಎದುರು 931ಕ್ಕೆ 934, ಮೂರೇ ಅಂಕದಿಂದ ಸೋತಿತು. ಅವರಲ್ಲೊಬ್ಬ ತಪ್ಪು ಗುರಿಗೆ ಹೊಡೆದಿದ್ದ. ಬರಿಗಣ್ಣಿಗೇ ಆಗೋ ತಪ್ಪಿಗೆ ನಾವು ದುಡ್ಡು ಕೊಟ್ಟು ಇನ್ನಷ್ಟು ಅನುಕೂಲ ಯಾಕೆ ಮಾಡಿಕೊಡಬೇಕು?

ಇನ್ನು ವಿಡಿಯೋ ವಿಮರ್ಶಕರು. ಡಬ್ಬಿ ಬಿಚ್ಚೋದು, ಬಾಲ್ಕನಿಯಿಂದ ಎದುರು ಮನೆ ಚಿಮಣಿ ನೋಡೋದು, "ಗಾಜು ಅದ್ಭುತ" ಅನ್ನೋದು. ಮುಗೀತು. ತೂಗುಗುಂಡು ಇಳಿಬಿಟ್ಟು ಟೇಪು ಹಿಡಿದು ಟಿಕ್ಕು ಅಳೆದು ತೋರಿಸೋರು ಇದ್ದಾರೆ, ಆದ್ರೆ ಬಹಳ ಕಮ್ಮಿ. ನೋಡೋರೂ ಕಮ್ಮಿ, ಯಾಕಂದ್ರೆ ಅದರಲ್ಲಿ ಚಿಮಣಿ ಇಲ್ಲ.

ಬರೀ ಬೈದರೆ ಸಾಲದು, ಹೇಗೆ ಆರಿಸಬೇಕು ಅಂತಲೂ ಹೇಳಬೇಕಲ್ಲ. ಹಾಸನದ ಹುಡುಗನಿಗೆ ಬರೆದುಕೊಟ್ಟ ಪಟ್ಟಿ ಇದು.

1. ಮೊದಲು ಯಾವ ಆಟ ಅಂತ ತೀರ್ಮಾನ ಮಾಡು. ಎಫ್-ಕ್ಲಾಸ್ ಅಂದ್ರೆ ದೂರ ಮೊದಲೇ ಗೊತ್ತಿರತ್ತೆ, ಗುರಿಯ ವೃತ್ತಗಳೂ ಎಂಒಎ ಲೆಕ್ಕದಲ್ಲೇ ಇವೆ. ಹಾಗಾಗಿ ಎಂಒಎ ಟಿಕ್ಕು, ಜೂಮ್ ಬದಲಾದ್ರೂ ದಪ್ಪವಾಗದ ತೆಳು ಗೆರೆಯ ಸ್ಕೋಪು ಸಾಕು. ಕ್ಷಣಕ್ಕೊಂದು ದೂರ ಬದಲಾಯಿಸೋ ಪಿಆರ್‌ಎಸ್ ತರದ ಆಟಕ್ಕೆ ಜೂಮಿನ ಜೊತೆಗೇ ಗೆರೆಯೂ ಹಿಗ್ಗೋ ಸ್ಕೋಪು, ಮಿಲ್ ಲೆಕ್ಕ. ಯಾವುದೇ ಆಗಲಿ, ಒಳಗಿನ ಗೆರೆ ಮತ್ತು ಹೊರಗಿನ ಟಿಕ್ಕು ಒಂದೇ ಲೆಕ್ಕದಲ್ಲಿರಲಿ. ಒಂದು ಮಿಲ್ ಅಂದ್ರೆ 3.44 ಎಂಒಎ, ಗಡಿಯಾರ ಓಡ್ತಿರುವಾಗ ಈ ಗುಣಾಕಾರ ಯಾರಿಗೂ ಬರಲ್ಲ.

2. ಒಟ್ಟು ಎಷ್ಟು ಎತ್ತರ ತಿರುಗಬಲ್ಲದು ಅಂತ ನೋಡು. ಡಬ್ಬಿಯ ಮೇಲೆ ಜೂಮ್ ದಪ್ಪಕ್ಷರದಲ್ಲಿರತ್ತೆ, ಇದು ಇರುವೆಯಕ್ಷರದಲ್ಲಿ. ಒಟ್ಟು 60 ಎಂಒಎ ಅಂದ್ರೆ ನಡುವಿನಿಂದ ಮೇಲಕ್ಕೆ ಸಿಗೋದು ಸುಮಾರು 30. ಸಾವಿರ ಗಜಕ್ಕೆ ಬೇಕಾಗಿರೋದು 38. ಸಾಲಲ್ಲ! ಸ್ಕೋಪಿನ ಕೆಳಗೆ 20 ಎಂಒಎ ಇಳಿಜಾರಿನ ಪಟ್ಟಿ ಹಾಕಿದ್ರೆ 50 ಆಗತ್ತೆ. ಸಾಕು. ಎರಡು ಸಾವಿರ ಡಾಲರಿನ ಸ್ಕೋಪು ಮಾಡಲಾಗದ ಕೆಲಸವನ್ನ ಈ ಕಬ್ಬಿಣದ ಪಟ್ಟಿ ಮಾಡತ್ತೆ.

3. ವಾಪಸ್ ಮಾಡೋ ಗಡುವು ಮುಗಿಯೋ ಮುಂಚೆ ಅಂಚೆಯಣ್ಣನ ಪರೀಕ್ಷೆ ಮಾಡು. ಮೇಲೆ, ಕೆಳಗೆ, ಮತ್ತೆ ಮೇಲೆ. ತಪ್ಪು ತೋರಿಸಿದರೆ ಸ್ಥಿರವಾದ ತಪ್ಪು ತೋರಿಸಲಿ. ಹೊರಟ ಜಾಗಕ್ಕೆ ವಾಪಸ್ ಬರದ ಸ್ಕೋಪು ಎಷ್ಟು ಅಂದವಾಗಿ ತೋರಿಸಿದರೂ ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸು.

4. ಪ್ಯಾರಲಾಕ್ಸ್ ಗುಂಡಿ ಪಕ್ಕದಲ್ಲಿರಲಿ. ಅದರ ಮೇಲೆ ಬರೆದ ಸಂಖ್ಯೆ ನಂಬಬೇಡ. ರೈಫಲ್ ಮುಟ್ಟದೆ ತಲೆಯನ್ನು ಚೂರು ಮೇಲೆ ಕೆಳಗೆ ಆಡಿಸು. ಗೆರೆ ಗುರಿಯ ಮೇಲೆ ತೇಲಿದ್ರೆ ಇನ್ನೂ ಸರಿಯಾಗಿಲ್ಲ. ತೇಲೋದು ನಿಂತಾಗ ನಿಲ್ಲಿಸು.

5. ಹಿಡಿಕೆ ಉಂಗುರದಲ್ಲಿ ಜಿಪುಣತನ ಬೇಡ. ಸ್ಕ್ರೂಗಳನ್ನ ಹೇಳಿದಷ್ಟೇ ಬಿಗಿಮಾಡು, ಜಾಸ್ತಿ ಬಿಗಿದರೆ ಕೊಳವೆ ಅಮುಕಿಹೋಗತ್ತೆ. ಸ್ಕೋಪಿನ ಮೇಲೆ ಒಂದು ಪುಟ್ಟ ರಸಮಟ್ಟ ಕೂರಿಸು. ರೈಫಲ್ ಒಂದೇ ಡಿಗ್ರಿ ವಾಲಿದರೂ ಸಾವಿರ ಗಜದಲ್ಲಿ ಗುಂಡು ಸುಮಾರು ಏಳು ಇಂಚು ಪಕ್ಕಕ್ಕೆ ಹೋಗತ್ತೆ. ಹತ್ತಿಪ್ಪತ್ತು ಡಾಲರಿನ ರಸಮಟ್ಟ ಉಳಿಸೋ ಅಂಕ ಯಾವ ಜೂಮೂ ಉಳಿಸಲ್ಲ.

6. ತೂಕ ಮರೀಬೇಡ. ಊರುಗಾಲಿನ .308 ವಿಭಾಗದಲ್ಲಿ ಸ್ಕೋಪೂ ಸೇರಿ ಒಟ್ಟು 8.25 ಕಿಲೋ ಮಿತಿ. ದಪ್ಪ ಸ್ಕೋಪು ಹಾಕಿದರೆ ನಳಿಕೆ ತೆಳ್ಳಗಾಗಬೇಕು.

7. ಇಷ್ಟೆಲ್ಲ ಆದ್ಮೇಲೆ ಗಾಜು ನೋಡು. ಅದೂ ಮಧ್ಯಾಹ್ನದ ಬಿಸಿಲಲ್ಲಿ, ಅಂಗಡಿಯ ಕಿಟಕಿಯಿಂದಲ್ಲ. ಕಟ್ಟಕಡೆಗೆ ಜೂಮ್. ಇಪ್ಪತ್ತೈದರ ತನಕ ಹೋದ್ರೆ ಕಲಿಯೋ ಕಾಲಕ್ಕೆ ಧಾರಾಳ.

ಉಳಿದ ದುಡ್ಡಿಗೆ? ಗುಂಡು ಕೊಳ್ಳು, ಮ್ಯಾಚಿಗೆ ಹೋಗು, ಗಾಳಿ ಓದೋದು ಕಲಿ. ಹುಲ್ಲು ಯಾವ ಕಡೆ ಬಾಗಿದೆ, ಬಾವುಟ ಎಷ್ಟು ಎದ್ದಿದೆ, ಬಿಸಿಲುಗುದುರೆ ಯಾವ ಕಡೆ ಹರೀತಿದೆ. ಕುದುರೆ ಓಡೋ ದಿಕ್ಕೇ ಗಾಳಿಯ ದಿಕ್ಕು, ಅದು ನೆಟ್ಟಗೆ ಮೇಲಕ್ಕೆ ಕುದಿಯೋಕೆ ಶುರುವಾದ್ರೆ ಗಾಳಿ ಬದಲಾಗೋ ಹೊತ್ತಾಗಿರಬಹುದು ಅಂತ ಹುಷಾರಾಗು. ಇದನ್ನೆಲ್ಲ ಕಡಿಮೆ ಜೂಮಿನಲ್ಲಿ ಓದೋದೇ ಸುಲಭ. ಎಂಟಡಿ ತಳ್ಳೋ ಗಾಳಿಯನ್ನ ಓದೋಕೆ ಬರದವನಿಗೆ ಅರವತ್ತು ಪಟ್ಟಿನ ಸ್ಕೋಪು ತಾನು ಎಷ್ಟು ದೂರ ತಪ್ಪಿದೆ ಅಂತ ಸ್ಪಷ್ಟವಾಗಿ ತೋರಿಸತ್ತೆ, ಅಷ್ಟೇ.

ನಿಮ್ಮಲ್ಲಿ ಯಾರೂ ನಾಳೆ ರೈಫಲ್ ಸ್ಕೋಪು ಕೊಳ್ಳಲ್ಲ ಅಂತ ನನಗೆ ಗೊತ್ತು. ಆದ್ರೆ ಮೆಗಾಪಿಕ್ಸೆಲ್ ಎಣಿಸಿ ಕ್ಯಾಮೆರಾ ಕೊಂಡಿರ್ತೀರಿ. ಡಬ್ಬಿಯ ಮೇಲೆ ಐನೂರು ಪಟ್ಟು ಅಂತ ಬರೆದ ಟೆಲಿಸ್ಕೋಪು ಮಗುವಿಗೆ ಕೊಡಿಸಿ, ಅಲ್ಲಾಡೋ ಮುಕ್ಕಾಲಿಯ ಮೇಲೆ ಶನಿಗ್ರಹ ಹುಡುಕಿ ಸುಸ್ತಾಗಿರ್ತೀರಿ. ಆಮೇಲೆ ಆ ಮಗು "ನನಗೆ ಆಕಾಶ ನೋಡೋಕೆ ಬರಲ್ಲ" ಅಂದುಕೊಂಡಿರತ್ತೆ. ಅದೇ ಕಳ್ಳತನ. ಮಾರೋರು ಅಳೆಯೋಕೆ ಸುಲಭವಾದ ಸಂಖ್ಯೆಯನ್ನ ಡಬ್ಬಿ ಮೇಲೆ ಬರೀತಾರೆ, ಕೆಲಸಕ್ಕೆ ಬರೋ ಸಂಖ್ಯೆಯನ್ನ ಅಲ್ಲ. ಆ ಸಂಖ್ಯೆಗೆ ಮರುಳಾಗಿ ಕೊಂಡದ್ದು ಕೈಕೊಟ್ಟಾಗ ನಾವು ಬೈಯೋದು ಮಾರಿದವರನ್ನಲ್ಲ, ನಮ್ಮನ್ನೇ.

ನಿನ್ನೆ ರಾತ್ರಿ ಹಾಸನದ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಆರ್ಡರ್ ಇನ್ನೂ ಮಾಡಿಲ್ಲ. ಆ ತೂಗುಗುಂಡು ಎಲ್ಲಿ ಸಿಗತ್ತೆ?" ಅಂದ. ಗ್ಯಾರೇಜಿಗೆ ಹೋಗಿ ಹುಡುಕಿಟ್ಟಿದ್ದೀನಿ. ಭಾನುವಾರ ಬೆಳಗ್ಗೆ ಬಿಸಿಲೇರೋ ಮುಂಚೆ ಇಬ್ಬರೂ ಹೋಗ್ತೀವಿ. ಅಂಚೆಯಣ್ಣ ಟೇಪು ತರ್ತಾರಂತೆ. ಫ್ಲಾಸ್ಕಿನಲ್ಲಿ ಕಾಫಿ ನನ್ನದು.

ನಿಮ್ಮ ಮನೆಯ ಅಟ್ಟದ ಮೇಲೂ ಹೀಗೆ ಸಂಖ್ಯೆ ನೋಡಿ ತಂದ ಸಾಮಾನು ಒಂದಿರಲೇಬೇಕು. ಏನದು, ಎಷ್ಟಕ್ಕೆ ತಂದ್ರಿ? ನಾಚಿಕೆ ಬಿಟ್ಟು ಹೇಳಿ. ನಾನೇ ಹೇಳಿಕೊಂಡಿಲ್ವಾ?